ಕೈಯ ಸಾಕ್ಷಿಯೂ ಬಾಯಿಯ ಸಾಕ್ಷಿಯೂ

ನಮ್ಮ ಗ್ರಾಮಸಭೆಗಳಲ್ಲಿ ಎರಡು ವಿಧವಾದ ಮಾತುಗಳು ಆಗಾಗ ಕೇಳಬರುತ್ತವೆ. ಒಬ್ಬ ಸಹೋದರನು, “ನಾನು ಅಂಗಡಿಯವನು, ಸುವಾರ್ತೆಯನ್ನು ಸಾರುವದು ಬೋಧಕರ ಮತ್ತು ಉಪದೇಶಿಗಳ ಕೆಲಸ. ಸರಿಯಾಗಿ ತೂಗಿ ಕೊಟ್ಟರೆ ಅದೇ ನನ್ನ ಸಾಕ್ಷಿ” ಎನ್ನುತ್ತಾನೆ. ಇನ್ನೊಬ್ಬನು, “ಪ್ರತಿ ಸಂತೆಯಲ್ಲಿಯೂ ನಿಂತು ಕರ್ತನ ನಾಮವನ್ನು ಸಾರುತ್ತೇನೆ, ನನ್ನ ವ್ಯಾಪಾರದ ಲೆಕ್ಕವನ್ನು ಕೇಳುವದೇಕೆ?” ಎನ್ನುತ್ತಾನೆ. ಇವರಲ್ಲಿ ಯಾರ ಮಾತು ಸರಿ?

ಅಪೊಸ್ತಲನಾದ ಪೌಲನ ನಡತೆಯನ್ನು ನೋಡೋಣ. ಅವನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಬಳಿಯಲ್ಲಿ ಇಳುಕೊಂಡು, ಅವರೊಂದಿಗೆ ಗುಡಾರ ಮಾಡುವ ಕಸುಬನ್ನು ನಡಿಸಿದನೆಂದೂ, ಸಬ್ಬತ್ ದಿನಗಳಲ್ಲಿ ಸಭಾಮಂದಿರದೊಳಗೆ ಎಲ್ಲರೆದುರಿಗೆ ವಾದಿಸಿದನೆಂದೂ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದದ್ದನ್ನು ಥೆಸಲೊನೀಕದವರಿಗೆ ಜ್ಞಾಪಕಪಡಿಸಿದನು. ದುಡಿಮೆಯಿಂದ ಅವನ ಬೋಧನೆಯು ಹಣದಾಶೆಯ ಸಂಶಯಕ್ಕೆ ಗುರಿಯಾಗದೆ ಹೋಯಿತು. ಆದರೂ ದುಡಿಮೆಯೇ ಸಾಕೆಂದು ಅವನು ಸುಮ್ಮನಿರಲಿಲ್ಲ. ಯಾಕಂದರೆ ಯೇಸುವನ್ನು ಅರಿಯದವರಲ್ಲಿಯೂ ಸರಿಯಾಗಿ ತೂಗುವವರು ಅನೇಕರುಂಟು. ನಮ್ಮ ನಿರೀಕ್ಷೆಗೆ ಕಾರಣವೇನೆಂದು ತಕ್ಕಡಿಯು ಹೇಳಲಾರದು. ಅದನ್ನು ಬಾಯೇ ಹೇಳಬೇಕು.

ಹಾಗಾದರೆ ಯಾರಿಗೆ, ಎಲ್ಲಿ ಹೇಳಬೇಕು? ನಮ್ಮ ನಾಡಿನ ಸಭೆಗಳ ಚರಿತ್ರೆಯು ಈ ಪ್ರಶ್ನೆಯನ್ನು ಕಠಿಣವಾಗಿಯೇ ನಮ್ಮ ಮುಂದಿಡುತ್ತದೆ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಕುಲದವರಿಂದ ಬೇರ್ಪಟ್ಟು ಜೀವನೋಪಾಯವನ್ನು ಕಳಕೊಂಡರು. ಕಳ್ಳಿಳಿಸುತ್ತಿದ್ದ ಬಿಲ್ಲವರು ಆ ಕಸುಬನ್ನು ಬಿಡಬೇಕಾಯಿತು. ಇಂಥವರ ಹೊಟ್ಟೆಪಾಡಿಗಾಗಿ ನೆಯ್ಗೆಯ ಕಾರ್ಖಾನೆಯೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೂ ನಡೆಯಹತ್ತಿದವು. ಅದು ಪ್ರೀತಿಯ ಕಾರ್ಯವೇ. ಆದರೆ ಕೂಲಿಯೂ ವಾಕ್ಯವೂ ಒಂದೇ ಕೈಯಿಂದ ಬರುವಲ್ಲಿ, ಕೇಳುವವನು ತಲೆಬಾಗುವದು ವಾಕ್ಯಕ್ಕೋ ಕೂಲಿಗೋ? ಕೆಲವು ಸಾರಿ ಅದು ಅವನಿಗೇ ತಿಳಿಯದು.

ಹಿರಿಯರನ್ನು ದೂಷಿಸುವದಕ್ಕಾಗಿ ಹೀಗೆ ಕೇಳುವದಿಲ್ಲ. ಇಂದು ನಮ್ಮಲ್ಲಿ ಆಳುಗಳನ್ನಿಟ್ಟ ಯಜಮಾನರಿದ್ದಾರೆ, ಸಾಲ ಕೊಟ್ಟವರಿದ್ದಾರೆ, ಉಪಾಧ್ಯಾಯರಿದ್ದಾರೆ, ರೋಗಿಗಳ ಸೇವೆಮಾಡುವ ದಾದಿಯರಿದ್ದಾರೆ. ಸಂತೆಯಲ್ಲಿ ಕೇಳುವವನು ಬೇಡವೆಂದು ತನ್ನ ದಾರಿ ಹಿಡಿಯಬಹುದು. ಸಾಲಗಾರನೂ ಹಾಸಿಗೆ ಹಿಡಿದವನೂ ಹಾಗೆ ಎದ್ದುಹೋಗಲಾರರು. ಅವರ ಕಿವಿಗೆ ನಮ್ಮ ಸುವಾರ್ತೆಯು ಅಪ್ಪಣೆಯಂತೆ ಕೇಳಿಸೀತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 25ನೆಯ ವಿಧಿಯು, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಮೇರೆಗಳೊಳಗೆ, ಧರ್ಮವನ್ನು ಪ್ರಚಾರಮಾಡುವ ಹಕ್ಕನ್ನು ಕೊಟ್ಟಿದೆ; ಅದೇ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮವಾಗಿ ಕೊಟ್ಟಿದೆ. ಕ್ರೈಸ್ತನು ಇದನ್ನು ಕರ್ತನಿಂದಲೇ ಕಲಿತಿರಬೇಕು. ಆಸ್ತಿವಂತನಾದ ಯೌವನಸ್ಥನು ದುಃಖಪಟ್ಟು ಹೊರಟುಹೋದಾಗ, ಯೇಸು ಅವನನ್ನು ಪ್ರೀತಿಸಿದರೂ ತಡೆದು ನಿಲ್ಲಿಸಲಿಲ್ಲ.

ಹಾಗೆಂದು ಯಜಮಾನನು ಮೂಕನಾಗಿರಬೇಕೋ? ಇಲ್ಲ. ಪೇತ್ರನು ಕರ್ತನನ್ನು ಅರಿಯೆನೆಂದದ್ದು ನ್ಯಾಯಾಧಿಪತಿಯ ಮುಂದಲ್ಲ, ಅಂಗಳದ ಬೆಂಕಿಯ ಬಳಿಯಲ್ಲಿ ಒಬ್ಬ ದಾಸಿಯು ಕೇಳಿದಾಗಲೇ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಹೇಳಿರಿ ಎಂಬ ಬುದ್ಧಿವಾದವು ಅನಂತರ ಅವನ ಪತ್ರಿಕೆಯಲ್ಲಿಯೇ ಬಂತು. ಬಿದ್ದು ಎದ್ದವನ ಮಾತು ಅದು.

ಆದಕಾರಣ ಸಹೋದರ ಸಹೋದರಿಯರೇ, ಸಂತೆಯಲ್ಲಿ ಧೈರ್ಯದಿಂದ ಸಾರೋಣ. ನಮ್ಮ ಅಧೀನದಲ್ಲಿರುವವರಿಗೆ ಮೊದಲು ಕೂಲಿಯನ್ನು ಪೂರ್ತಿಯಾಗಿ ಕೊಡೋಣ. ಅವರು ತಾವಾಗಿ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳೋಣ. ಬೇಡವೆಂದವನಿಗೆ ಮರುದಿನವೂ ಅದೇ ಕೂಲಿ, ಅದೇ ಮರ್ಯಾದೆ ಸಲ್ಲಲಿ. ಆ ಮರುದಿನದಲ್ಲಿಯೇ ನಮ್ಮ ಸಾಕ್ಷಿಯು ಶೋಧಿಸಲ್ಪಡುವದು. ಆ ಶೋಧನೆಯಲ್ಲಿ ನಿಲ್ಲುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.