ಹೆದೆಯ ಸೆಳೆತವೂ ಲಿಂಗದೃಷ್ಟಿಯೂ

ಪ್ರಣವವೇ ಬಿಲ್ಲು, ಆತ್ಮವೇ ಬಾಣ, ಬ್ರಹ್ಮವೇ ಗುರಿಯೆಂಬುದು ಮುಂಡಕೋಪನಿಷತ್ತಿನ ಉಪಮೆ. ಬಿಲ್ಲು ಸೆಳೆಯುವ ಬಗೆಯನ್ನರಿಯದವರಿಗೆ ಇದರ ಅರ್ಧಭಾಗವೇ ದಕ್ಕುವುದು. ಬಿಲ್ಲಾಳು ಗುರಿಗೆ ಪಾರ್ಶ್ವವಾಗಿ ನಿಂತು, ಬಿಲ್ಲು ಹಿಡಿದ ತೋಳನ್ನು ನೀಳವಾಗಿ ಚಾಚಿ, ಹೆದೆಯನ್ನು ಕಿವಿಯವರೆಗೆ ಸೆಳೆಯುವನು. ಸೆಳೆಯುವುದು ಬೆರಳೆಂದು ನೋಡುವವರು ತಿಳಿವರು. ಬೆರಳು ಬರಿಯ ಕೊಕ್ಕೆ, ಭಾರ ಹೊರುವುದು ಬೆನ್ನು. ಮುಂಗೈ ಬಲದಿಂದಲೇ ಸೆಳೆದವನ ಕೈ ನಡುಗುತ್ತದೆ, ಬಾಣ ದಾರಿ ತಪ್ಪುತ್ತದೆ. ಬಿಡುವಾಗಲಂತೂ ಬಾಣವನ್ನು ನೂಕಬೇಕಾದುದೇ ಇಲ್ಲ; ಬೆರಳು ಸಡಿಲಿದರೆ ಸಾಕು.

ಬಿತ್ತಿಗೆಯ ದಿನ ನವಲಗುಂದದ ಎರೆಹೊಲದ ರೈತನು ಮಳೆಯ ಚಿಂತೆಯನ್ನು ಹೊತ್ತೇ ಪೂಜೆಗೆ ಕುಳಿತುಕೊಳ್ಳುವನು. ಕರಸ್ಥಲದ ಇಷ್ಟಲಿಂಗದಲ್ಲಿ ಮನ ನಿಲ್ಲದು. ಹುಬ್ಬು ಗಂಟಿಕ್ಕಿ, ಕಣ್ಣಿನ ಬಲದಿಂದಲೇ ನಿಲ್ಲಿಸಲೆಳಸುವನು. ಇದೇ ಮುಂಗೈಯ ಸೆಳೆತ. ಹತ್ತು ನಿಮಿಷದಲ್ಲಿ ಕಣ್ಣು ಸೋಲುವುದು, ಪೂಜೆಯೇ ಬೇಸರವಾಗುವುದು. ಬೆನ್ನು ನೆಟ್ಟಗಾಗಲಿ, ಉಸಿರು ಸಮವಾಗಲಿ. ದೃಷ್ಟಿ ಬಲಾತ್ಕಾರವಿಲ್ಲದೆ ನೆಲೆಗೊಳ್ಳುವುದು.

ಇಷ್ಟಾದರೂ ಸಾಧನೆಯೊಂದೇ ಸಾಲದು. ಕ್ರಿ.ಶ. 941ರಲ್ಲಿ ಅರ್ಜುನನನ್ನು ನಾಯಕನಾಗಿಸಿ ಭಾರತವನ್ನು ಬರೆದ ಪಂಪನ ತಾಯಿ ಅಬ್ಬಣಬ್ಬೆ, ಇದೇ ಸೀಮೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಂತಹ ಅರ್ಜುನನ ಬತ್ತಳಿಕೆಯೂ ಕಿರಾತವೇಷದ ಶಿವನೆದುರು ಬರಿದಾಯಿತು. ಪಾಶುಪತವು ಅವನ ಕೈಸೇರಿದುದು ಶರಣಾದ ಬಳಿಕವೇ.