ಕೋಶ ಓದದವನು ದೇಶ ಸುತ್ತಬಾರದೆ?

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದಾಗ ನಾವೆಲ್ಲ ಓದಿನ ಮಹಿಮೆಯನ್ನೇ ಎರಡು ಪುಟ ಬರೆಯುತ್ತಿದ್ದೆವು. ಆ 'ಇಲ್ಲವೇ' ಎಂಬ ಪದದ ಕಡೆ ಯಾರ ಗಮನವೂ ಹೋಗುತ್ತಿರಲಿಲ್ಲ. ಓದಲು ಅವಕಾಶ ಸಿಗದವನಿಗೂ ಲೋಕವನ್ನು ತಿಳಿಯಲು ಒಂದು ದಾರಿಯಿದೆ, ಅವನು ತಿರುಗಾಡಿ ಕಲಿಯಲಿ ಎಂಬ ಔದಾರ್ಯ ಆ ಪದದಲ್ಲಿದೆ. ನನಗೆ ಅದು ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ, ಒಂದು ವಿಮಾನ ನಿಲ್ದಾಣದಲ್ಲಿ ಭಾವನ ಜೊತೆ ಸಾಲಿನಲ್ಲಿ ನಿಂತಿದ್ದಾಗ.

ಭಾವ ದರ್ಜಿ. ಏಳನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವರು. ಅವರ ಅಂಗಡಿಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯಿತ್ತು. ಕೌಲಾಲಂಪುರದ ಪೆಟ್ರೊನಾಸ್ ಅವಳಿ ಗೋಪುರಗಳ ಚಿತ್ರ. 88 ಅಂತಸ್ತು, 452 ಮೀಟರ್ ಎತ್ತರ. ವರ್ಷ ಮುಗಿದರೂ ಆ ಹಾಳೆಯನ್ನು ಅವರು ಕೀಳಲಿಲ್ಲ. "ಒಂದ್ಸಲ ಇದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡ್ಬೇಕು" ಅನ್ನುತ್ತಿದ್ದರು. ಎರಡು ರಂಜಾನ್ ತಿಂಗಳ ಹೊಲಿಗೆಯ ದುಡ್ಡು ಕೂಡಿಟ್ಟರು. ಒಂದು ಪ್ರವಾಸಿ ತಂಡದ ಜೊತೆ ಐದು ದಿನಗಳಿಗೆ ಇಬ್ಬರೂ ಹೊರಟೆವು.

ಕಾಗದಗಳೆಲ್ಲ ಸರಿಯಿದ್ದವು. ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿದ್ದ ಪಾಸ್‌ಪೋರ್ಟ್, ವೀಸಾ, ಮರಳಿ ಬರುವ ಟಿಕೆಟ್, ಹೋಟೆಲಿನ ರಸೀದಿ. ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿ, "ಟೂರಾ ಸಾರ್?" ಎಂದು ಕೇಳಿ ಮೊಹರು ಒತ್ತಿದರು. ಭಾವನ ಸರದಿ ಬಂತು. "ಎಲ್ಲಿಗೆ ಹೋಗ್ತಿದ್ದೀಯಾ? ಯಾರು ಕಳಿಸ್ತಿರೋದು? ಏಜೆಂಟಿಗೆ ಎಷ್ಟು ಕೊಟ್ಟೆ?" ಭಾವ, "ನೋಡೋಕೆ ಹೋಗ್ತಿದ್ದೀನಿ ಸಾರ್" ಎಂದರು. "ಏನು ನೋಡೋಕೆ?" ಎಂದು ಮರುಪ್ರಶ್ನೆ. ಜೀವನವಿಡೀ ಚಿತ್ರದಲ್ಲಿ ನೋಡಿದ ಗೋಪುರದ ಹೆಸರು ಆ ಕ್ಷಣ ಭಾವನಿಗೆ ಬಾಯಿಗೆ ಬರಲಿಲ್ಲ. ನಾನು ಹಿಂತಿರುಗಿ ಬಂದು, ಇವರು ನನ್ನ ಅಕ್ಕನ ಗಂಡ, ನಾನೂ ಜೊತೆಗಿದ್ದೇನೆ ಎಂದು ಹೇಳಿದ ಮೇಲೆ ಅವರನ್ನು ಬಿಟ್ಟರು.

ನಮ್ಮಿಬ್ಬರ ಪಾಸ್‌ಪೋರ್ಟುಗಳ ಬಣ್ಣ ಒಂದೇ, ಮೇಲಿನ ಸಿಂಹಲಾಂಛನವೂ ಒಂದೇ. ಆದರೆ ಅವರ ಪಾಸ್‌ಪೋರ್ಟಿನೊಳಗೆ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್', ಅಂದರೆ 'ವಲಸೆ ತಪಾಸಣೆ ಅಗತ್ಯ' ಎಂಬ ಒಂದು ಸಾಲಿತ್ತು. ಇದಕ್ಕೆ ಆಧಾರ 1983ರ ವಲಸೆ ಕಾಯ್ದೆ. ಹತ್ತನೇ ತರಗತಿ ಪಾಸಾದವರು, ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು ಮೊದಲಾದವರಿಗೆ ಈ ಸಾಲಿನಿಂದ ವಿನಾಯಿತಿ. ಉಳಿದವರು ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಪಡೆಯಬೇಕು. ಸೌದಿ, ಕುವೈತ್, ಯುಎಇಗಳ ಜೊತೆಗೆ ಮಲೇಷ್ಯಾ ಮತ್ತು ಥಾಯ್ಲೆಂಡ್ ಕೂಡ ಆ ಪಟ್ಟಿಯಲ್ಲಿವೆ. ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿ ಬೇಕಿಲ್ಲ. ಅಂದರೆ ನಿಯಮದ ಪ್ರಕಾರ ಭಾವನನ್ನು ತಡೆಯುವ ಅಗತ್ಯವೇ ಇರಲಿಲ್ಲ. ಅವರನ್ನು ನಿಲ್ಲಿಸಿದ್ದು ಆ ಒಂದು ಸಾಲು ಹುಟ್ಟಿಸಿದ ಅನುಮಾನ. ಓದಿಲ್ಲದ ಬಡವ ಸಮುದ್ರ ದಾಟುವುದಾದರೆ ಕೂಲಿಗೇ ಇರಬೇಕು, ಸುಮ್ಮನೆ ಸಂತೋಷಕ್ಕೆ ಅವನೇಕೆ ಹೋಗುತ್ತಾನೆ ಎಂಬ ಅನುಮಾನ.

ಹಾಗೆಂದು ಈ ನಿಯಮದ ಹಿಂದಿನ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಭೇಟಿ ವೀಸಾದಲ್ಲಿ ಕಳಿಸಿ, ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಸಂಬಳವಿಲ್ಲದೆ ದುಡಿಸಿಕೊಂಡ ಕಥೆಗಳು ಗಲ್ಫ್ ನೆಂಟಸ್ತನವಿರುವ ನಮ್ಮ ಮನೆಗಳಿಗೆ ಹೊಸತಲ್ಲ. ಕೌಂಟರಿನ ಅಧಿಕಾರಿ ಕೇಳಿದ ಪ್ರಶ್ನೆಯಿಂದ ಬದುಕಿಕೊಂಡ ಹೆಣ್ಣುಮಕ್ಕಳೂ ಇರಬಹುದು. ಆದ್ದರಿಂದ ಪ್ರಶ್ನೆ ಕೇಳುವುದೇ ಅನ್ಯಾಯ ಎಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ರಕ್ಷಣೆಯ ಹೆಸರಿನಲ್ಲಿ ಒಬ್ಬ ಮನುಷ್ಯನ ಮಾತಿನ ಬೆಲೆಯನ್ನು ಇಳಿಸಬಹುದೆ?

ಮೋಸ ಹೋಗದಿರಲು ಎಸ್ಸೆಸ್ಸೆಲ್ಸಿ ಸಾಕು ಎಂಬ ನಂಬಿಕೆಯೂ ಹುಸಿಯಾಗಿದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತು. ಥಾಯ್ಲೆಂಡಿನಲ್ಲಿ ಕೆಲಸ ಕೊಡಿಸುವುದಾಗಿ ನಂಬಿಸಿ, ಐಟಿ ಬಲ್ಲ ಯುವಕರನ್ನು ಅಕ್ರಮವಾಗಿ ಮ್ಯಾನ್ಮಾರಿಗೆ ಸಾಗಿಸಿ ಕೂಡಿಹಾಕಲಾಗುತ್ತಿದೆ ಎಂಬುದು ಅದರ ಸಾರ. ಕಂಪ್ಯೂಟರ್ ಬಲ್ಲ ಆ ಹುಡುಗರಿಗೆ ಅವರ ಓದು ರಕ್ಷಣೆ ಕೊಡಲಿಲ್ಲ. ಮೋಸಗಾರರು ಅಂಕಪಟ್ಟಿ ನೋಡಿ ಬಲೆ ಬೀಸುವುದಿಲ್ಲ. ಹಿಡಿಯಬೇಕಾದದ್ದು ಅವರನ್ನು. ಅದನ್ನು ಬಿಟ್ಟು ಮೋಸ ಹೋಗಬಹುದಾದವನ ಮೇಲೆ ಗುರುತು ಹಾಕಿದರೆ, ಕಳ್ಳತನವಾಗದಿರಲೆಂದು ಮನೆಯವರ ಕೈಗೇ ಬೇಡಿ ತೊಡಿಸಿದ ಹಾಗಾಗುತ್ತದೆ.

ಈ ಗುರುತನ್ನು ಎಲ್ಲರಿಗೂ ಕಾಣುವಂತೆ ಮಾಡಲು ಹೊರಟ ಕಾಲವೂ ಒಂದಿತ್ತು. 2018ರ ಜನವರಿಯಲ್ಲಿ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವುದಾಗಿ ಪ್ರಕಟಣೆ ಬಂತು. ಪೌರರನ್ನು ಮೊದಲ ದರ್ಜೆ, ಎರಡನೇ ದರ್ಜೆ ಎಂದು ಬಣ್ಣ ಹಚ್ಚಿ ವಿಂಗಡಿಸಬೇಡಿ ಎಂಬ ಕೂಗೆದ್ದು, ಅದೇ ತಿಂಗಳ 30ರಂದು ಸರಕಾರ ನಿರ್ಧಾರವನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಆದರೆ ರಟ್ಟಿನ ಮೇಲೆ ಬರದ ಬಣ್ಣ ನೋಡುವವರ ಕಣ್ಣಿನಲ್ಲಿ ಉಳಿದಿದೆ.

ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಆ ತೀರ್ಪಿನ ಬೆನ್ನಿಗೇ ಪಾಸ್‌ಪೋರ್ಟ್ ಕಾಯ್ದೆ ಬಂತು. ಆ ಸ್ವಾತಂತ್ರ್ಯವನ್ನು ಕಸಿಯುವ ವಿಧಾನ ನ್ಯಾಯಯುತವಾಗಿರಬೇಕು ಎಂದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಮತ್ತೆ ಹೇಳಿತು. ಈ ತೀರ್ಪುಗಳಲ್ಲಿ ಓದಿದವರ ಸ್ವಾತಂತ್ರ್ಯ, ಓದದವರ ಸ್ವಾತಂತ್ರ್ಯ ಎಂಬ ಎರಡು ಬಗೆಗಳಿಲ್ಲ. ಕೌಂಟರಿನಲ್ಲಿ 'ಸಾರ್' ಮತ್ತು 'ನೀನು' ಎಂಬ ಎರಡು ಬಗೆಗಳಿವೆ.

ವಿಮಾನದಲ್ಲಿ ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಹೇಳಿದ್ದಕ್ಕೆ ಬಿಟ್ಟರು. ನಾನೂ ಅದನ್ನೇ ಹೇಳಿದ್ನಲ್ಲ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನನ್ನು ಏನೂ ಕೇಳದೆ ಬಿಟ್ಟಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನನ್ನ ಮಾತನ್ನು ಅಧಿಕಾರಿ ನಂಬಿದಾಗ ಉಪಕಾರ ಮಾಡಿದೆನೆಂದೂ ಅನ್ನಿಸಿತ್ತು. ಭಾವನಿಗೆ ಬೇಕಾಗಿದ್ದದ್ದು ನನ್ನ ಶಿಫಾರಸಲ್ಲ, ಅವರದೇ ಮಾತಿಗೆ ಸಲ್ಲಬೇಕಾದ ನಂಬಿಕೆ ಎಂಬುದು ಆಗ ಹೊಳೆದಿರಲಿಲ್ಲ.

ಮರುದಿನ ಭಾವ ಗೋಪುರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರು. ಟೋಪಿ ಹಿಂದಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ನೋಡಿದರು. ಈಗ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಆ ಚಿತ್ರ ತೋರಿಸಿ ವಿವರಿಸುತ್ತಾರೆ. ಬೀದಿಯ ಮಕ್ಕಳು ನಿಂತು ಕೇಳುತ್ತಾರೆ. ಕೋಶ ಓದದವನು ದೇಶ ಸುತ್ತಿ ಬಂದು ಊರಿಗೆ ಪಾಠ ಹೇಳುತ್ತಿದ್ದಾನೆ. ಗಾದೆ ಕಟ್ಟಿದ ಹಿರಿಯರು ಅವನನ್ನು ನಂಬಿದ್ದರು. ನಾವು ಯಾವಾಗ ನಂಬುವುದು?