ಬಲಗಡೆ ಹೂ, ಎಡಗಡೆ ಹೂ

ನನ್ನ ಕೆಲಸ ಎ/ಬಿ ಟೆಸ್ಟಿಂಗ್. ಆ್ಯಪ್‌ನಲ್ಲಿ ಅರ್ಧ ಜನಕ್ಕೆ ಹಸಿರು ಬಟನ್, ಇನ್ನರ್ಧಕ್ಕೆ ನೀಲಿ. ಯಾರಿಗೆ ಯಾವುದು ಅಂತ ಕೋಡ್ ತೀರ್ಮಾನಿಸುತ್ತೆ. ವಾರ ಬಿಟ್ಟು ಎಣಿಸ್ತೀವಿ, ಗೆದ್ದ ಬಣ್ಣವನ್ನು ಎಲ್ಲರಿಗೂ ಕೊಡ್ತೀವಿ. ಇದಕ್ಕೆ ಯಾರದ್ದಾದರೂ ಒಪ್ಪಿಗೆ ಕೇಳಬೇಕು ಅಂತ ನನಗೆ ಅನ್ನಿಸಿದ್ದೇ ಇಲ್ಲ. ಸುಮಾರು ಮೂರು ವರ್ಷದ ಹಿಂದಿನ ಒಂದು ಸ್ಕ್ಯಾನ್‌ವರೆಗೆ.

ಹೆಂಡತಿಗೆ ಐದನೇ ತಿಂಗಳು. ಸ್ಕ್ಯಾನ್ ಮಾಡ್ತಿದ್ದ ಡಾಕ್ಟರು ಮಗುವಿನ ಬೆನ್ನಿನ ಹತ್ತಿರ ಬಂದು ತುಂಬಾ ಹೊತ್ತು ಅಲ್ಲೇ ನಿಂತರು. "ಮಗು ಮಲಗಿರೋ ರೀತಿಗೆ ಬೆನ್ನು ಸರಿಯಾಗಿ ಕಾಣ್ತಿಲ್ಲ, ನಾಡಿದ್ದು ಬನ್ನಿ" ಅಂದರು. ಯಾಕೆ ಅಂತ ಒತ್ತಿ ಕೇಳಿದ್ದಕ್ಕೆ ಒಂದು ಪದ ಹೇಳಿದರು: ಸ್ಪೈನಾ ಬಿಫಿಡಾ.

ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳಬೇಕಾದ ಬೆನ್ನುಹುರಿಯ ಕೊಳವೆ ಎಲ್ಲೋ ಒಂದು ಕಡೆ ತೆರೆದೇ ಉಳಿದುಬಿಡುತ್ತೆ. ಕಾಲಿಗೆ ಬಲ ಬರದೇ ಇರಬಹುದು. ತಲೆಯಲ್ಲಿ ನೀರು ತುಂಬಿಕೊಂಡರೆ ಅದನ್ನು ಹೊಟ್ಟೆಗೆ ಹರಿಸೋಕೆ ಷಂಟ್ ಅನ್ನೋ ನಳಿಕೆ ಹಾಕಬೇಕು. ಆ ಎರಡು ರಾತ್ರಿ ನಾನು ಮಲಗಲಿಲ್ಲ, ಓದಿದೆ. ಹೆಚ್ಚು ಓದಿದ್ದು ಅಮೆರಿಕದ ಒಂದೇ ಅಧ್ಯಯನವನ್ನು.

ತಾಯಿಯ ಗರ್ಭಕೋಶ ತೆರೆದು, ಒಳಗಿರುವ ಮಗುವಿನ ಬೆನ್ನನ್ನು ಹೊಲಿದು, ಮತ್ತೆ ಮುಚ್ಚುವ ಶಸ್ತ್ರಚಿಕಿತ್ಸೆ ಅಲ್ಲಿ 1990ರ ದಶಕದ ಕೊನೆಯಲ್ಲೇ ಶುರುವಾಗಿತ್ತು. 2003ರ ಹೊತ್ತಿಗೆ 200ಕ್ಕೂ ಹೆಚ್ಚು ಮಕ್ಕಳಿಗೆ ಮಾಡಿಯೂ ಆಗಿತ್ತು. ಆದರೂ ಹುಟ್ಟಿದ ಮೇಲೆ ಹೊಲಿಯುವುದಕ್ಕಿಂತ ಇದು ಮೇಲೋ ಅಲ್ಲವೋ ಅಂತ ಯಾರೂ ಎದೆ ತಟ್ಟಿ ಹೇಳುವ ಹಾಗಿರಲಿಲ್ಲ. ಸರಿಯಾದ ಹೋಲಿಕೆಯೇ ಇರಲಿಲ್ಲ. ಆ ವರ್ಷ ಮೂರು ಆಸ್ಪತ್ರೆಗಳು ಸೇರಿ 'ಮಾಮ್ಸ್' ಅನ್ನೋ ಅಧ್ಯಯನ ಶುರು ಮಾಡಿದವು. 26 ವಾರ ತುಂಬುವ ಮೊದಲೇ ಹೊಟ್ಟೆಯಲ್ಲೇ ಹೊಲಿಯುವುದಾ, ಹುಟ್ಟಿದ ಮೇಲಾ? ತೀರ್ಮಾನ ತಾಯಿಯದ್ದಲ್ಲ, ಡಾಕ್ಟರದ್ದೂ ಅಲ್ಲ, ಚೀಟಿಯದ್ದು. ನಮ್ಮ ಎ/ಬಿ ಟೆಸ್ಟಿಂಗ್ ಥರಾನೇ. ಒಟ್ಟು 183 ತಾಯಂದಿರು ಸಹಿ ಹಾಕಿದ್ದರು.

2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದ ಮೇಲೆ ಹೊಲಿಸಿಕೊಂಡ ಮಕ್ಕಳಲ್ಲಿ ವರ್ಷದೊಳಗೆ 100ಕ್ಕೆ 82 ಮಕ್ಕಳಿಗೆ ಷಂಟ್ ಬೇಕಾಗಿತ್ತು, ಹೊಟ್ಟೆಯಲ್ಲೇ ಹೊಲಿಸಿಕೊಂಡವರಲ್ಲಿ 40 ಮಕ್ಕಳಿಗೆ. 30 ತಿಂಗಳಿಗೆ ಯಾವ ಆಸರೆಯೂ ಇಲ್ಲದೆ ನಡೆದವರು 100ಕ್ಕೆ 21 ಮತ್ತು 42.

ಎರಡನೇ ರಾತ್ರಿ ಹೆಂಡತಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಕೇಳಿಸಿಕೊಂಡು, "ಕೊಯ್ಯೋದು ತಾಯಿ ಹೊಟ್ಟೆ ಅಲ್ವೇನ್ರಿ? ಅವರಿಗೇನಾಯ್ತು?" ಅಂದಳು. ನಾನು ಆ ಕೋಷ್ಟಕವನ್ನು ತೆರೆದೇ ಇರಲಿಲ್ಲ. ತೆರೆದೆ. ಯಾವ ತಾಯಿಯೂ ಸತ್ತಿರಲಿಲ್ಲ. ಆದರೆ ಹೊಟ್ಟೆಯಲ್ಲೇ ಶಸ್ತ್ರಚಿಕಿತ್ಸೆ ಆದ ಗುಂಪಿನಲ್ಲಿ 100ಕ್ಕೆ 79 ಹೆರಿಗೆ ದಿನ ತುಂಬುವ ಮೊದಲೇ ಆಗಿದ್ದವು. ಸುಮಾರು ಮೂರರಲ್ಲಿ ಒಬ್ಬ ತಾಯಿಗೆ ಗರ್ಭಕೋಶದ ಹೊಲಿಗೆಯ ಜಾಗ ತೆಳುವಾಗಿತ್ತು ಅಥವಾ ಬಿಟ್ಟುಕೊಂಡಿತ್ತು. ಮುಂದಿನ ಬಸಿರಿಗೂ ಸಿಸೇರಿಯನ್ನೇ ಗತಿ. ತನ್ನ ದೇಹಕ್ಕೆ ಏನೂ ಲಾಭವಿಲ್ಲದ ಗಾಯ ಅದು. ನಾನು ಮಗುವಿನ ಲೆಕ್ಕ ಮಾತ್ರ ಓದಿದ್ದೆ.

ಆಮೇಲೆ ನನ್ನನ್ನು ಕಾಡಿದ್ದು ಚೀಟಿ. ಹೆತ್ತವರು ಮಗುವಿನ ಹಣೆಬರಹವನ್ನು ಚೀಟಿಗೆ ಬಿಡುವುದು ಸರಿಯಾ?

ನಮ್ಮೂರಲ್ಲಿ ಇದು ಹೊಸದೇನಲ್ಲ. ದಾರಿ ಕಾಣದಿದ್ದಾಗ ಅಜ್ಜಿ ಗುಡಿಗೆ ಹೋಗಿ ಹೂ ಕೇಳುತ್ತಿದ್ದಳು. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ. ಚಿಕ್ಕಪ್ಪನ ಆಪರೇಷನ್‌ಗೂ ಕೇಳಿದ್ದಳು. ಎಂಜಿನಿಯರಿಂಗ್ ಓದುವಾಗ ನಾನು ಇದನ್ನು ಹೇಳಿಕೊಂಡು ನಗುತ್ತಿದ್ದೆ. ಈಗ ನಗಲ್ಲ. ನಿಜವಾಗಿಯೂ ಗೊತ್ತಿಲ್ಲದಿದ್ದಾಗ, ಗೊತ್ತಿರುವ ಹಾಗೆ ನಟಿಸುವುದಕ್ಕಿಂತ ಹೂ ಕೇಳುವುದು ಪ್ರಾಮಾಣಿಕ. ವ್ಯತ್ಯಾಸ ಒಂದೇ. ಊರಲ್ಲಿ ಹೂ ಬಿದ್ದ ಮೇಲೆ ಯಾರೂ ಎಣಿಸುತ್ತಿರಲಿಲ್ಲ. ಬಲಗಡೆ ಬಿದ್ದವರು ಎಷ್ಟು ಜನ ಉಳಿದರು, ಎಡಗಡೆ ಬಿದ್ದವರು ಎಷ್ಟು ಜನ ಅಂತ ಬರೆದಿಟ್ಟವರಿಲ್ಲ. ಹಾಗಾಗಿ ಮುಂದಿನವರೂ ಮತ್ತೆ ಹೂವನ್ನೇ ಕೇಳಬೇಕಿತ್ತು. ಆ 183 ತಾಯಂದಿರಿಂದಾಗಿ ಮುಂದೆ ಬಂದವರು ಚೀಟಿ ಎತ್ತಬೇಕಾಗಲಿಲ್ಲ.

ಇದನ್ನು ಬರೀ ತ್ಯಾಗದ ಕಥೆ ಅಂತ ಹೇಳಿ ಮುಗಿಸೋಕೂ ನನಗೆ ಮನಸ್ಸಿಲ್ಲ. ಅಧ್ಯಯನ ನಡೆದಷ್ಟು ದಿನ ಅಮೆರಿಕದ ಬೇರೆ ಆಸ್ಪತ್ರೆಗಳು ಈ ಶಸ್ತ್ರಚಿಕಿತ್ಸೆ ಮಾಡೋದಿಲ್ಲ ಅಂತ ಒಪ್ಪಿಕೊಂಡಿದ್ದವು. ಅಂದರೆ ಬೇಕು ಅಂದ ತಾಯಿಗೆ ಆ ದೇಶದಲ್ಲಿದ್ದ ಬಾಗಿಲು ಇದೊಂದೇ, ಅದೂ ಚೀಟಿ ಬಿದ್ದರೆ. ಅದನ್ನು ಪೂರ್ತಿ ಸ್ವತಂತ್ರ ಒಪ್ಪಿಗೆ ಅನ್ನೋಕೆ ನನಗೆ ಬಾಯಿ ಬರಲ್ಲ. ಬಾಗಿಲು ತೆರೆದೇ ಇದ್ದಿದ್ದರೆ? ದುಡ್ಡು, ಧೈರ್ಯ ಇದ್ದವರೆಲ್ಲ ಹೊಟ್ಟೆಯಲ್ಲೇ ಹೊಲಿಸಿಕೊಂಡು, ಉಪಯೋಗವಾಯಿತಾ ಅಂತ ಇನ್ನೊಂದು ಇಪ್ಪತ್ತು ವರ್ಷ ಗೊತ್ತಾಗುತ್ತಿರಲಿಲ್ಲ. ಅದೂ ಪ್ರಯೋಗವೇ, ಲೆಕ್ಕ ಇಡದ ಪ್ರಯೋಗ. ಎರಡರಲ್ಲಿ ನಾನು ಲೆಕ್ಕ ಇಡುವುದನ್ನೇ ಆರಿಸಿಕೊಳ್ಳುತ್ತೇನೆ, ಕೈ ನಡುಗುತ್ತಾ. ಯಾಕೆಂದರೆ ಅವರು ಕೇಳಿ ಸಹಿ ಹಾಕಿಸಿಕೊಂಡಿದ್ದರು. ಮತ್ತೆ, 200 ಜನ ಬೇಕು ಅಂದುಕೊಂಡಿದ್ದವರು ಲಾಭ ಸ್ಪಷ್ಟವಾದ ಕೂಡಲೇ, 2010ರ ಡಿಸೆಂಬರ್‌ನಲ್ಲಿ, ಚೀಟಿ ಎತ್ತುವುದನ್ನು ನಿಲ್ಲಿಸಿದರು.

ಮಾರನೇ ದಿನದ ಸ್ಕ್ಯಾನ್‌ನಲ್ಲಿ ಮಗು ಮಗ್ಗಲು ಬದಲಿಸಿತ್ತು. ಬೆನ್ನು ಸರಿಯಾಗೇ ಇತ್ತು. ಎರಡು ರಾತ್ರಿಯ ಭಯ ಅಷ್ಟೇ, ಬೇರೆಯವರ ಪಾಲಿಗೆ ಬಂದದ್ದು ನಮಗೆ ಬರಲಿಲ್ಲ.

ಇದನ್ನು ಬರೆಯುವ ಮೊದಲು ಹೆಂಡತಿಯನ್ನು ಕೇಳಿದೆ: ಆವತ್ತು ಯಾರಾದರೂ ಚೀಟಿ ಮುಂದಿಟ್ಟಿದ್ದರೆ ಸಹಿ ಹಾಕ್ತಿದ್ದೆಯಾ? "ಆ ರಾತ್ರಿ ಕೇಳಿದ್ರೆ ಹೇಳ್ತಿದ್ದೆ. ಈಗ ಮಗಳು ಓಡಾಡ್ತಿರೋವಾಗ ಕೇಳಿದ್ರೆ ಏನು ಹೇಳ್ಲಿ?" ಅಂದಳು.

ಮಗಳಿಗೆ ಈಗ 30 ತಿಂಗಳು. ಆ ಮಕ್ಕಳನ್ನು ನಿಲ್ಲಿಸಿ, ನಡಿ ಪುಟ್ಟಾ ಅಂತ ನೋಡಿದ್ದು ಇದೇ ವಯಸ್ಸಿನಲ್ಲಿ.